ಕಡಲ ಗಾಳಿಗೆ ತಡೆಯುವ ಮಡಿಚುವ ಚಾಕು ಯಾವುದು? ಬಜೆಟ್ 40 ಸಾವಿರ

ವಾಸ್ಕೊ ಮಂಜು:
ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೊದಲ್ಲಿ ದಿನಾ ಬಳಸೋಕೆ ಒಂದೊಳ್ಳೆ ಮಡಿಚುವ ಚಾಕು ಬೇಕು. ಕೆಲಸ ಅಂದ್ರೆ ಹಗ್ಗ, ರಟ್ಟಿನ ಪೆಟ್ಟಿಗೆ, ಮಾವಿನಹಣ್ಣು, ಭಾನುವಾರ ದೋಣಿಯಲ್ಲಿ ಗಾಳದ ದಾರ. ಕ್ರಿಸ್ ರೀವ್ ಸೆಬೆಂಜಾ 31 ಮತ್ತು ಸ್ಪೈಡರ್ಕೊ ಪ್ಯಾರಾ ಮಿಲಿಟರಿ 2, ಈ ಎರಡರಲ್ಲಿ ಯಾವುದು ಅಂತ ತೀರ್ಮಾನ ಆಗ್ತಿಲ್ಲ. ಈಗಿರೋ ಚಾಕುವಿನ ಡಿ2 ಉಕ್ಕಿನ ಅಲಗಿಗೆ ಮಳೆಗಾಲದಲ್ಲಿ ಎಣ್ಣೆ ಹಚ್ಚಿದರೂ ಕಂದು ಚುಕ್ಕೆ ಬಿದ್ದಿದೆ. ಉಕ್ಕು ಯಾವುದು ನೋಡಲಿ, ತೆರೆದ ಅಲಗನ್ನು ಹಿಡಿದಿಡೋ ಲಾಕ್ ಯಾವುದು?

ಮಾಟುಂಗಾ ಸಾಣೆ:
ಮಂಜು ಅವರೇ, ಮೊದಲು ಉಕ್ಕು. ಡಿ2ನಲ್ಲಿ ಕ್ರೋಮಿಯಂ ಸುಮಾರು 12% ಇದೆ, ಆದರೆ ಇಂಗಾಲವೂ 1.5% ಇರೋದರಿಂದ ಸುಮಾರು ಅರ್ಧದಷ್ಟು ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಅನ್ನೋ ಗಟ್ಟಿ ಕಣವಾಗಿ ಕಟ್ಟಿಹೋಗುತ್ತೆ. ತುಕ್ಕು ತಡೆಯೋದು ಕಟ್ಟಿಹೋಗದೆ ಉಳಿದ ಕ್ರೋಮಿಯಂ ಮಾತ್ರ. ಮ್ಯಾಗ್ನಾಕಟ್ ನೋಡಿ: ಲೋಹತಜ್ಞ ಲಾರಿನ್ ಥಾಮಸ್ ರೂಪಿಸಿದ ಈ ಉಕ್ಕು 2021ರಲ್ಲಿ ಬಂತು, ಕ್ರೋಮಿಯಂ ಬರೀ 10.7%. ಆದರೂ ಸರಿಯಾಗಿ ಹದ ಮಾಡಿದರೆ ಅದರಲ್ಲಿ ಕ್ರೋಮಿಯಂ ಕಾರ್ಬೈಡ್ ಉಳಿಯೋದಿಲ್ಲ, ಹಾಗಾಗಿ 20% ಕ್ರೋಮಿಯಂ ಇರೋ ಎಂ390 ಉಕ್ಕಿಗಿಂತಲೂ ಉಪ್ಪುನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತೆ. ಶೇಕಡಾವಾರು ನೋಡಿ ಮೋಸ ಹೋಗಬೇಡಿ.

ವಾರವಿಡೀ ದೋಣಿಯಲ್ಲೇ ಇರೋರಾದರೆ ಎಲ್‌ಸಿ200ಎನ್ ಉಕ್ಕು ಅಂತಿದ್ದೆ. ಅದಕ್ಕೆ ತುಕ್ಕು ಹಿಡಿಯೋದೇ ಅಪರೂಪ. ಆದರೆ ರಟ್ಟು ಕೊಯ್ದರೆ ಬೇಗ ಮೊಂಡಾಗುತ್ತೆ, ನಿಮ್ಮ ಕೆಲಸದಲ್ಲಿ ರಟ್ಟೇ ಹೆಚ್ಚು. ನನ್ನ ಮತ ಮ್ಯಾಗ್ನಾಕಟ್‌ಗೆ. ಎರಡೂ ಚಾಕು ಬೇರೆ ಬೇರೆ ಉಕ್ಕಿನಲ್ಲಿ ಬಂದಿವೆ, ಅಲಗಿನ ಮೇಲೆ ಏನು ಕೆತ್ತಿದೆ ಅಂತ ಓದಿಯೇ ದುಡ್ಡು ಕೊಡಿ.

ಕೋಥ್ರೂಡ್ ಕತ್ತರಿ:
ಉಕ್ಕಿನ ವಿಷಯಕ್ಕೆ ನನ್ನದೂ ಅದೇ ಮಾತು. ಗೋವಾದಲ್ಲಿ ಇನ್ನೊಂದು ಶತ್ರು ಇದೆ, ಮರಳು. ಬೇರಿಂಗ್ ಮೇಲೆ ತಿರುಗೋ ಚಾಕು ಅಂಗಡಿಯಲ್ಲಿ ಬೆಣ್ಣೆಯ ಹಾಗೆ ತೆರೆಯುತ್ತೆ, ಬೀಚಿಗೆ ಹೋಗಿ ಬಂದ ಮೇಲೆ ಕರಕರ ಅನ್ನುತ್ತೆ. ಸೆಬೆಂಜಾ, ಪ್ಯಾರಾ ಎರಡರಲ್ಲೂ ಬೇರಿಂಗ್ ಬದಲು ಇರೋದು ಫಾಸ್ಫರ್ ಬ್ರಾಂಜ್ ವಾಷರ್ (ಕಂಚಿನ ಚಪ್ಪಟೆ ಬಿಲ್ಲೆ), ಅದು ಒಳ್ಳೇದು. ಹೆಚ್ಚು ಬೆಲೆಯ ಸೆಬೆಂಜಾದಲ್ಲಿ ಸಿಗೋ ಲಾಭ: ಮಾಲೀಕರೇ ಬಿಚ್ಚಿ ತೊಳೆದು ಜೋಡಿಸಲಿ ಅಂತಲೇ ಅದನ್ನು ಮಾಡಿದ್ದಾರೆ. ಪ್ಯಾರಾದ ಕಂಪ್ರೆಷನ್ ಲಾಕ್ ಹಿಡಿಯ ಬೆನ್ನಿನ ಕಡೆ ಇದೆ, ಮಡಿಚುವಾಗ ಬೆರಳು ಅಲಗಿನ ದಾರಿಗೆ ಬರೋದಿಲ್ಲ. ಒದ್ದೆ ಕೈಗೆ ನಾನು ಅದನ್ನೇ ಹೇಳೋದು.

ಕೈಗೆ ಬಂದ ಕೂಡಲೇ ತೆರೆದು ಲಾಕ್ ಮಾಡಿ, ಹಿಡಿ ಒಂದು ಕೈಯಲ್ಲಿ, ಅಲಗಿನ ಬೆನ್ನು ಇನ್ನೊಂದರಲ್ಲಿ ಹಿಡಿದು ಅಲ್ಲಾಡಿಸಿ. ಎಡಬಲ ಆಡಿದರೆ ಪಿವಟ್ (ಅಲಗು ತಿರುಗೋ ಕೀಲು) ಸ್ಕ್ರೂ ಕೂದಲೆಳೆಯಷ್ಟು ಬಿಗಿ ಮಾಡಿದರೆ ಸಾಕು. ಮೇಲೆ-ಕೆಳಗೆ ಆಡಿದರೆ ಅದು ಲಾಕ್ ಸರಿಯಾಗಿ ಕೂರದ ದೋಷ, ಸ್ಕ್ರೂ ಬಿಗಿ ಮಾಡಿದರೆ ಹೋಗೋದಿಲ್ಲ, ವಾಪಸ್ ಕಳಿಸಿ. ಸ್ಕ್ರೂ ಅಲುಗದಿದ್ದರೆ ಬಲ ಹಾಕಬೇಡಿ, ತಲೆ ಸವೆದುಹೋಗುತ್ತೆ. ಒಳಗೆ ಅಂಟು ಹಾಕಿರ್ತಾರೆ, ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಒತ್ತಿದರೆ ಅಂಟು ಮೆತ್ತಗಾಗುತ್ತೆ.

ವಾಸ್ಕೊ ಮಂಜು:
ಧನ್ಯವಾದ ಇಬ್ಬರಿಗೂ. ಹಾಗಾದರೆ ಮ್ಯಾಗ್ನಾಕಟ್‌ನ ಪ್ಯಾರಾ. ಸಾಣೆ ಹೇಗೆ? ಸೈಕಲ್ ಮೇಲೆ ಬರೋರ ಹತ್ರ ಕೊಡಬಹುದಾ?

ಮಾಟುಂಗಾ ಸಾಣೆ:
ದಯವಿಟ್ಟು ಬೇಡ. ಒಣ ಚಕ್ರದ ಕಿಡಿ ಹಾರುವಾಗ ತೆಳು ಬಾಯಿ ಕ್ಷಣದಲ್ಲಿ ಕಾದು ಹದ ಕಳೆದುಕೊಳ್ಳುತ್ತೆ, ನೀಲಿ ಬಣ್ಣ ಕಾಣದಿದ್ದರೂ. ಮ್ಯಾಗ್ನಾಕಟ್‌ನಲ್ಲಿ 4% ವನೇಡಿಯಂ ಇದೆ, ಅದರ ಕಾರ್ಬೈಡ್ ಮಾಮೂಲಿ ಸಾಣೆಕಲ್ಲಿಗಿಂತ ಗಟ್ಟಿ. 400 ಮತ್ತು 1000 ಗ್ರಿಟ್‌ನ ಡೈಮಂಡ್ ಪ್ಲೇಟ್ ತಗೊಳ್ಳಿ. ಒಂದೊಂದು ಬದಿಗೆ 17ರಿಂದ 20 ಡಿಗ್ರಿ ಕೋನ. ಒಂದು ಬದಿ ಉಜ್ಜುತ್ತಾ ಇನ್ನೊಂದು ಬದಿಯಲ್ಲಿ ಉಗುರಿಗೆ ತಾಗುವಂಥ ತೆಳು ಬರ್ (ಬಾಯಿಯಿಂದ ಹೊರಚಾಚೋ ಲೋಹದ ಅಂಚು) ಬುಡದಿಂದ ಮೊನೆಯವರೆಗೂ ಏಳಬೇಕು, ಆಮೇಲೆ ಬದಿ ಬದಲಿಸಿ. ಕೊನೆಗೆ ತೂಕ ಹಾಕದೆ ಒಂದೊಂದೇ ಸಲ ಎಳೆದು ಬರ್ ತೆಗೀರಿ, ಇಲ್ಲದಿದ್ದರೆ ಮೊದಲ ದಿನ ಕಾಗದ ಸೀಳಿ ಮರುದಿನ ಟೊಮೆಟೊ ಮೇಲೂ ಜಾರುತ್ತೆ. ದೋಣಿಯಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿ, ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಪಿವಟ್‌ಗೆ. ಕೊಬ್ಬರಿ ಎಣ್ಣೆ ಅಂಟಾಗುತ್ತೆ.

ಕೋಥ್ರೂಡ್ ಕತ್ತರಿ:
ಒಂದು ಮಾತು ಬಿಟ್ಟುಹೋಗಿತ್ತು. 2016ರ ಶಸ್ತ್ರ ನಿಯಮಗಳಲ್ಲಿ ಚಾಕುವಿನ ಅಲಗಿಗೆ ಹೇಳಿರೋ ಮಿತಿ 9 ಇಂಚು ಉದ್ದ, 2 ಇಂಚು ಅಗಲ. ಪ್ಯಾರಾದ ಅಲಗು ಸುಮಾರು 3.4 ಇಂಚು ಅಷ್ಟೇ. ಆದರೆ ಮುಂಬೈ, ಪುಣೆಗೆ ತರೋದಾದರೆ ಗಮನಿಸಿ: ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಆದೇಶ ಜಾರಿಯಲ್ಲಿರೋ ದಿನಗಳಲ್ಲಿ ಚಾಕು ಒಯ್ಯೋದನ್ನೇ ನಿಷೇಧಿಸಬಹುದು. ದಾಬೋಳಿಯಿಂದ ವಿಮಾನ ಹತ್ತುವ ದಿನ ಜೇಬಿನಿಂದ ತೆಗೆದು ಚೆಕ್-ಇನ್ ಬ್ಯಾಗಿಗೆ ಹಾಕಿ.