ಸಹಾಯ ಬೇಕು: ಅಭ್ಯಾಸ ಸ್ಪರ್ಧೆಗೆ ಟೈಮ್ ಲಿಮಿಟ್ ಎಷ್ಟಿಡೋದು?

ನಮಸ್ಕಾರ. ವಿದ್ಯಾರ್ಥಿ ತಂಡಗಳಿಗೆ ಐಸಿಪಿಸಿ (ಕಾಲೇಜು ತಂಡಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ) ಮಾದರಿಯ ಅಭ್ಯಾಸ ಸ್ಪರ್ಧೆ ಮಾಡುತ್ತಿದ್ದೇವೆ. ತಂಡಕ್ಕೆ 3 ಜನ, ಒಂದೇ ಕಂಪ್ಯೂಟರ್, 5 ಗಂಟೆ, ತಪ್ಪಾದರೆ 20 ನಿಮಿಷ ಪೆನಾಲ್ಟಿ. ಕೋಡ್ ಓಡಿಸಿ ಸರಿ-ತಪ್ಪು ಹೇಳುವ ಡಾಮ್‌ಜಡ್ಜ್ ಸಾಫ್ಟ್‌ವೇರ್ ಹಾಕಿದ್ದಾಯಿತು, ಅದರಲ್ಲೇನೂ ತಲೆನೋವಿಲ್ಲ.

ಸಿಕ್ಕಿಹಾಕಿಕೊಂಡಿರುವುದು ಒಂದೇ ಪ್ರಾಬ್ಲಮ್‌ನಲ್ಲಿ. 1 ಲಕ್ಷ ಸಂಖ್ಯೆಗಳಲ್ಲಿ ಎಷ್ಟು ಇನ್ವರ್ಷನ್ (ದೊಡ್ಡ ಸಂಖ್ಯೆ ಚಿಕ್ಕದಕ್ಕಿಂತ ಮೊದಲೇ ಬರುವ ಜೋಡಿ) ಇವೆ ಅಂತ ಎಣಿಸಬೇಕು. ಮರ್ಜ್ ಸಾರ್ಟ್ ಎಂಬ ವೇಗದ ವಿಧಾನದಲ್ಲಿ ಸರಿಯಾಗಿ ಬರೆದ ಪೈಥಾನ್ ಕೋಡ್ ನಮ್ಮ ಹಳೇ ಮಷೀನಿನಲ್ಲಿ 1 ಸೆಕೆಂಡ್ ದಾಟುತ್ತದೆ. ಲಿಮಿಟ್ 3 ಸೆಕೆಂಡ್ ಮಾಡಿದೆ. ಆಗ ಸಿ++ನಲ್ಲಿ ಸುಮ್ನೆ ಎರಡು ಲೂಪ್ ಹಾಕಿ ಎಲ್ಲ ಜೋಡಿಗಳನ್ನೂ ನೋಡುವ, ಫೇಲ್ ಆಗಬೇಕಿದ್ದ ನಿಧಾನದ ಕೋಡ್ ಕೂಡ ಪಾಸ್! ಇನ್‌ಪುಟ್ ಜಾಸ್ತಿ ಮಾಡಿದೆ, ಪೈಥಾನ್ ಮತ್ತೆ ಔಟ್. ಎರಡು ರಾತ್ರಿ ಇದರಲ್ಲೇ ಹೋಯಿತು.

ಡಾಮ್‌ಜಡ್ಜ್‌ನಲ್ಲಿ ಒಂದೊಂದು ಭಾಷೆಗೂ ಬೇರೆ ಟೈಮ್ ಫ್ಯಾಕ್ಟರ್ (ಲಿಮಿಟ್‌ನ ಎಷ್ಟು ಪಟ್ಟು ಸಮಯ ಅನ್ನೋದು) ಇಡಬಹುದು. ಆದರೆ ನಿಜವಾದ ಸ್ಪರ್ಧೆಯಲ್ಲಿ ಆ ರಿಯಾಯಿತಿ ಸಿಗದಿದ್ದರೆ ಅಭ್ಯಾಸ ವ್ಯರ್ಥ ಅಲ್ವಾ? ಸ್ಪರ್ಧೆ ನಡೆಸಿದವರು ಹೇಳಿ: ಪೈಥಾನ್‌ಗೆ ಮಾತ್ರ ಹೆಚ್ಚು ಸಮಯ ಕೊಡಲಾ, ಎಲ್ಲಕ್ಕೂ ಒಂದೇ ಲಿಮಿಟ್ ಇಡಲಾ?