ಮರದ ಆಕೃತಿಯಲ್ಲಿ ದುಃಖವನ್ನು ಎಲ್ಲಿ ಕೆತ್ತಬೇಕು: ಮುಖದಲ್ಲೋ, ಮೈಯಲ್ಲೋ?

ಪ್ರಶ್ನೆ: ಹೊಸ ಉಳಿ

ನಿವೃತ್ತಿಯ ನಂತರ ಮರಗೆತ್ತನೆಯನ್ನು ಹವ್ಯಾಸವಾಗಿ ಕಲಿಯುತ್ತಿದ್ದೇನೆ. ಆನೆ, ನವಿಲು, ಗಣಪತಿಗಳನ್ನು ಮಾಡಿದ ಮೇಲೆ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳನ್ನು ಎರಡಡಿ ಎತ್ತರದ ಶಿವನೆ ಮರದ ತುಂಡಿನಲ್ಲಿ ಕೆತ್ತಲು ಹೊರಟೆ. ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ಕೆನ್ನೆಯ ಮೇಲೆ ಕಣ್ಣೀರಿನ ಗೆರೆಯನ್ನೂ ತೀಡಿ ಮುಗಿಸಿದಾಗ ನನ್ನ ಮನೆಯವರು, ಇವಳಿಗೆ ಹಲ್ಲುನೋವು ಬಂದಂತಿದೆ ಎಂದುಬಿಟ್ಟರು. ನೋಡಿದರೆ ಅವರ ಮಾತು ನಿಜವೇ. ಮುಖದಲ್ಲಿ ಇಷ್ಟೆಲ್ಲ ಇದ್ದೂ ದುಃಖ ಬಾರದಿರಲು ಕಾರಣವೇನು? ಇದರ ಜೊತೆಗೆ ಹೆಗಲಿನಿಂದ ಎದೆಯವರೆಗೆ ಒಂದು ಬಿರುಕೂ ಬಿಟ್ಟಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಲಾಭ್ಯಾಸಿ

ಮಾನ್ಯರೇ, ತಾವು ಜರ್ಮನಿಯ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ (1870–1938) ಅವರ ಕೆಲಸವನ್ನು ಒಮ್ಮೆ ನೋಡಬೇಕು. 1906ರಲ್ಲಿ ರಷ್ಯನ್ ಸಾಮ್ರಾಜ್ಯದ ಹಳ್ಳಿಗಾಡಿನಲ್ಲಿ ಸುತ್ತಿ ಬಂದ ಅವರಿಗೆ ಅಲ್ಲಿನ ರೈತರು ಮತ್ತು ಭಿಕ್ಷುಕರು ದಪ್ಪ ಬಟ್ಟೆಯೊಳಗೆ ಮುದುಡಿ ಕುಳಿತಿದ್ದ ಬಗೆ ಮನಸ್ಸಿನಲ್ಲಿ ಉಳಿಯಿತು. ಅಲ್ಲಿಂದ ಮುಂದೆ ಅವರ ಆಕೃತಿಗಳಲ್ಲಿ ಅಂಗಾಂಗಗಳ ವಿವರ ಕಡಿಮೆಯಾಗಿ, ಮೈಯೆಲ್ಲವನ್ನೂ ಒಂದೇ ನಿಲುವಂಗಿ ಮುಚ್ಚಿ, ಬಾಗಿದ ಬೆನ್ನು, ಹಿಡಿದ ಕೈ, ಎತ್ತಿದ ಗಲ್ಲ ಇಷ್ಟರಲ್ಲೇ ಭಾವವೆಲ್ಲ ನಿಲ್ಲತೊಡಗಿತು.

ನಿಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು 1929ರಲ್ಲಿ ಮಾಗ್ಡೆಬುರ್ಗ್ ನಗರದ ಕೆಥೆಡ್ರಲ್‌ಗಾಗಿ ಅವರು ಓಕ್ ಮರದಲ್ಲಿ ಮಾಡಿದ ಯುದ್ಧ ಸ್ಮಾರಕ. ಮೇಲೆ ಮೂವರು ಸೈನಿಕರು ನಿಂತಿದ್ದಾರೆ. ಕೆಳಗೆ ಹೆಲ್ಮೆಟ್ ತೊಟ್ಟ ಅಸ್ಥಿಪಂಜರವೊಂದು, ತಲೆಯನ್ನು ಕೈಗಳಲ್ಲಿ ಹಿಡಿದುಕೊಂಡ ಗಂಡಸೊಬ್ಬ, ಮತ್ತು ಮುಸುಕು ಹೊದ್ದು ಕೈಗಳನ್ನು ಬಿಗಿಹಿಡಿದ ಹೆಂಗಸೊಬ್ಬಳು ಇದ್ದಾರೆ. ಅವಳ ಮುಖವೇ ನಮಗೆ ಕಾಣುವುದಿಲ್ಲ, ಆದರೂ ಆ ಗುಂಪಿನಲ್ಲಿ ಅತಿ ಹೆಚ್ಚು ಅಳುತ್ತಿರುವವಳು ಅವಳೇ ಎನಿಸುತ್ತದೆ. ವೀರಗಲ್ಲಿನಂಥ ಸ್ಮಾರಕವನ್ನು ನಿರೀಕ್ಷಿಸಿದ್ದವರಿಗೆ ಇದು ಸಹಿಸಲಾಗದ ವಸ್ತುವಾಗಿತ್ತು. 1934ರಲ್ಲಿ ಅದನ್ನು ಅಲ್ಲಿಂದ ತೆಗೆಸಲಾಯಿತು, ನಾಜಿ ಆಡಳಿತ ಬಾರ್ಲಾಖರ ನೂರಾರು ಕೃತಿಗಳನ್ನು ಸಂಗ್ರಹಾಲಯಗಳಿಂದ ಹೊರಹಾಕಿತು, ಮತ್ತು ಸ್ಮಾರಕ ತನ್ನ ಜಾಗಕ್ಕೆ ಮರಳಿದ್ದು 1950ರ ದಶಕದಲ್ಲಿ.

ಹ್ಯಾಂಬರ್ಗ್‌ನಲ್ಲಿರುವ ಅವರ ‘ಆಲಿಸುವವರು’ ಎಂಬ ಸಾಲಿನಲ್ಲಿ (1930–35) ಓಕ್‌ನ ಒಂಬತ್ತು ಆಕೃತಿಗಳಿದ್ದು, ಒಂಬತ್ತೂ ಜನ ಮಾಡುತ್ತಿರುವುದು ಕಿವಿಗೊಡುವ ಕೆಲಸವನ್ನು ಮಾತ್ರ. ಕಿವಿಗೊಡುವುದನ್ನು ಮುಖದ ಸ್ನಾಯುಗಳಿಂದ ತೋರಿಸುವುದು ಹೇಗೆ ಸಾಧ್ಯ? ಕತ್ತಿನ ಓರೆ, ಕೈಗಳ ಸ್ತಬ್ಧತೆ ಅದನ್ನು ಹೇಳುತ್ತವೆ. ನಿಮ್ಮ ತಾಯಿಯ ಮುಖದ ಮೇಲೆ ಸೆರಗು ಎಳೆದು ನೋಡಿ ಎಂಬುದು ನನ್ನ ಸಲಹೆ.

ಉತ್ತರ: ಕೊಡತಿ

ಬಿರುಕಿನ ಬಗ್ಗೆ ಮಾತ್ರ ಹೇಳುತ್ತೇನೆ. ನೀವು ತೆಗೆದುಕೊಂಡದ್ದು ನಡುವಿನ ತಿರುಳು ಒಳಗೇ ಇರುವ ಇಡೀ ತುಂಡಾಗಿರಬೇಕು. ಒಣಗುವಾಗ ಮರವು ಬಳೆಗಳ ಸುತ್ತಿನ ಗುಂಟ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ. ಸುಮಾರಾಗಿ ಒಂದಕ್ಕೆ ಎರಡರ ವ್ಯತ್ಯಾಸವಿರುತ್ತದೆ. ಹೊರಮೈ ಬಿಗಿದುಕೊಂಡು, ಒಳಗಿನದು ಜಗ್ಗದೇ ಇದ್ದಾಗ ಎಲ್ಲಾದರೂ ಸೀಳಲೇಬೇಕು. ತುಂಡನ್ನು ಉದ್ದಕ್ಕೆ ಸೀಳಿ ತಿರುಳನ್ನು ತೆಗೆದು, ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದು, ನೆರಳಿನಲ್ಲಿ ನಿಧಾನವಾಗಿ ಒಣಗಿಸಿ. ಗೋಡೆಗೆ ಒರಗಿಸುವ ಮೂರ್ತಿಯಾದರೆ ಬೆನ್ನಿನ ಕಡೆಯಿಂದ ಟೊಳ್ಳು ಮಾಡಿ. ಐನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ರೀಮೆನ್‌ಶ್ನೈಡರ್ ಮುಂತಾದ ಶಿಲ್ಪಿಗಳು ಲಿಂಡೆನ್ ಮರದ ಸಂತರನ್ನು ಹೀಗೆಯೇ ಹಿಂದಿನಿಂದ ಕೊರೆಯುತ್ತಿದ್ದರು.

ಇನ್ನೊಂದು ಮಾತು. ನಾರಿಗೆ ಅಡ್ಡವಾಗಿ ಚಾಚಿದ ತೆಳು ಬೆರಳು ಇಂದಲ್ಲ ನಾಳೆ ಮುರಿಯುತ್ತದೆ. ಕೈಗಳನ್ನು ಮೈಗೆ ಒತ್ತಿ ಕೆತ್ತಿದರೆ ಮರಕ್ಕೂ ಒಳ್ಳೆಯದು, ದುಃಖಕ್ಕೂ ಅದೇ ಭಂಗಿ ಒಪ್ಪುತ್ತದೆ. ಕಣ್ಣೀರಿನ ಗೆರೆ ಬೇಡವೇ ಬೇಡ.

ಉತ್ತರ: ಕರಾವಳಿಯ ಓದುಗಳು

ಕಲಾಭ್ಯಾಸಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ಮುಖವನ್ನು ಬಿಟ್ಟುಕೊಟ್ಟರೆ ಮಾತ್ರ ಭಾವ ಬರುತ್ತದೆ ಎನ್ನುವುದಾದರೆ, ಇಟಲಿಯ ಫ್ಲಾರೆನ್ಸ್‌ನಲ್ಲಿರುವ, ಶಿಲ್ಪಿ ದೊನಾತೆಲ್ಲೊ ಕೆತ್ತಿದ ಯೇಸುವಿನ ಶಿಷ್ಯೆ ಮಗ್ದಲೇನಳನ್ನು ಏನೆನ್ನಬೇಕು? ಹದಿನೈದನೆಯ ಶತಮಾನದ ಆ ಮರದ ಶಿಲ್ಪದಲ್ಲಿ ಗುಳಿಬಿದ್ದ ಕಣ್ಣು, ಅರೆತೆರೆದ ಬಾಯಿ ಎಲ್ಲವೂ ನೇರವಾಗಿ ನಮ್ಮೆದುರು ಇವೆ. ಜಪಾನಿನ ನಾರಾ ನಗರದ ಕೋಫುಕುಜಿ ದೇವಾಲಯಕ್ಕೆ 1212ರ ಸುಮಾರಿಗೆ ಉನ್ಕೇ ಮತ್ತು ಅವನ ಸಂಗಡಿಗರು ಕೆತ್ತಿದ ಇಬ್ಬರು ಗುರುಗಳ ಮೂರ್ತಿಗಳಲ್ಲಿಯೂ ಕರುಣೆ ಕಣ್ಣಿನಲ್ಲಿಯೇ ಇದೆ. ಟೊಳ್ಳಾದ ತಲೆಯ ಒಳಗಿನಿಂದ ಸ್ಫಟಿಕದ ತೆಳು ಬಿಲ್ಲೆಯನ್ನು ಕೂರಿಸಿ, ಅದರ ಹಿಂಬದಿಗೆ ಪಾಪೆಯನ್ನು ಬರೆದಿರುವುದರಿಂದ ಬೆಳಕು ಬಿದ್ದಾಗ ಕಣ್ಣು ತೇವಗೊಂಡಂತೆ ಕಾಣುತ್ತದೆ. (ಆ ಗುರುಗಳು ಬೇರಾರೂ ಅಲ್ಲ, ನಮ್ಮ ದರ್ಶನಶಾಸ್ತ್ರದ ಪುಸ್ತಕಗಳಲ್ಲಿ ಬರುವ ಅಸಂಗ ಮತ್ತು ವಸುಬಂಧು.) ದೂರವೇಕೆ, ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ದೈವಮೂರ್ತಿಗಳ ರೌದ್ರವೂ ಅರಳಿದ ಕಣ್ಣು ಮತ್ತು ಬಣ್ಣಗಳಿಂದಲೇ ಬರುತ್ತದೆ.

ಆದರೆ ಮಗ್ದಲೇನಳ ಮುಖವನ್ನು ಮರೆಮಾಡಿ ನೋಡಿದರೂ ಅವಳ ಒಣಗಿದ ಕಾಲುಗಳು, ಇನ್ನೂ ಸೇರದೆ ನಿಂತ ಅಂಗೈಗಳು ಅದೇ ಮಾತನ್ನು ಹೇಳುತ್ತವೆ. ಪ್ರಶ್ನೆ ಕೇಳಿದವರ ಶಿಲ್ಪದಲ್ಲಿ ಮುಖ ಅಳುತ್ತಿದ್ದು, ಉಳಿದ ಮೈ ಫೋಟೋಗೆ ನಿಂತಂತೆ ನೆಟ್ಟಗೆ ನಿಂತಿದೆಯೇ ಎಂದು ಪರೀಕ್ಷಿಸಬೇಕು.

ಮರುತ್ತರ: ಹೊಸ ಉಳಿ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಕೊನೆಯವರ ಊಹೆ ಸರಿಯಾಗಿದೆ: ನನ್ನ ತಾಯಿ ಧ್ವಜವಂದನೆಗೆ ನಿಂತವಳಂತೆ ನೆಟ್ಟಗಿದ್ದಾಳೆ. ತಿರುಳನ್ನು ಬಿಟ್ಟು ಸೀಳಿದ ಹೊಸ ತುಂಡೊಂದನ್ನು ಹೊಂದಿಸಿಕೊಂಡಿದ್ದೇನೆ. ಅದು ಒಣಗುವವರೆಗೆ ಜೇಡಿಮಣ್ಣಿನಲ್ಲಿ, ಮುಖವನ್ನೇ ಮಾಡದೆ, ಕುಳಿತ ಭಂಗಿಯನ್ನಷ್ಟೇ ನಾಲ್ಕಾರು ಬಗೆಯಲ್ಲಿ ಮಾಡಿ ನೋಡುವೆನು. ಹಳೆಯ ಬಿರುಕಿಗೆ ಈಗಲೇ ಚಕ್ಕೆ ತುಂಬಬಹುದೇ?

ಉತ್ತರ: ಕೊಡತಿ

ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬಿರುಕಿನ ಅಗಲ ನಿಂತ ಮೇಲೆ ಅದೇ ಮರದ ಚಕ್ಕೆಯನ್ನು ನಾರು ಹೊಂದುವಂತೆ ಕೂರಿಸಿ. ಈಗ ತುಂಬಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ.