ಅಪ್‌ಡೇಟ್: ಕಾಪು ಬಂಡೆಯ ಮೇಲಿದ್ದ ಜೀವಿ ಕೈಟನ್

ಕಾಪು ಲೈಟ್‌ಹೌಸ್ ಹತ್ತಿರದ ಬಂಡೆಗೆ ಅಂಟಿಕೊಂಡಿದ್ದ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಬೆನ್ನ ಮೇಲೆ ಅಡ್ಡಗೆರೆಗಳಿದ್ದ ಜೀವಿ ಯಾವುದು ಅಂತ ಕೇಳಿದ್ದೆ. ಉತ್ತರ ಸಿಕ್ಕಿದೆ, ಅದು ಕೈಟನ್. ಬಸವನಹುಳು, ಮರುವಾಯಿ (ಎರಡು ಚಿಪ್ಪಿನ ಜೀವಿ)ಗಳ ಬಳಗದ್ದು. "ಗೆರೆ ಎಣಿಸಿ ನೋಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಗುಟ್ಟು ಅಲ್ಲೇ ಇತ್ತು.

ಇಳಿತದ ಹೊತ್ತಿಗೆ ಭೂತಗನ್ನಡಿ ಹಿಡಿದು ಮತ್ತೆ ಹೋದೆ. ಆ ಗೆರೆಗಳು ಚಿಪ್ಪಿನ ಬಿಲ್ಲೆಗಳ ನಡುವಿನ ಸಂದು. ಮಾಡಿನ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು, ಒಟ್ಟು 8 ಬಿಲ್ಲೆ. ಸುತ್ತಲೂ ಒರಟು ತೊಗಲಿನ ಪಟ್ಟಿ. ಕೆಲವರು ಲಿಂಪೆಟ್ (ಬಂಡೆಗೆ ಅಂಟಿಕೊಳ್ಳುವ ಒಂದು ಬಗೆಯ ಬಸವನಹುಳು) ಇರಬಹುದು ಅಂದಿದ್ರಲ್ವಾ, ಲಿಂಪೆಟ್‌ಗೆ ಇರುವುದು ಒಂದೇ ಚಿಪ್ಪು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಹಲ್ಲಿನ ವಿಷಯ. ಕೈಟನ್ ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತದೆ. ನಾಲಗೆಯ ಮೇಲೆ ಸಾಲು ಸಾಲು ಹಲ್ಲು, ಅದರ ತುದಿಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಹೊದಿಕೆ. 1962ರಲ್ಲಿ ವಿಜ್ಞಾನಿ ಹೈಂಜ್ ಲೋವೆನ್‌ಸ್ಟಾಮ್ ಇದನ್ನು ತೋರಿಸಿಕೊಟ್ಟರು. ಆಯಸ್ಕಾಂತ ಹಿಡಿದರೆ ಈ ಹಲ್ಲುಗಳು ಅಂಟಿಕೊಳ್ಳುತ್ತವೆ! ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನಿಂದ ಹೊಸ ಸಾಲು ಬರುತ್ತದೆ.

ಯಾವ ಜಾತಿಯ ಕೈಟನ್ ಅಂತ ಖಚಿತ ಮಾಡಲು ಬಿಲ್ಲೆ ಬಿಡಿಸಿ ನೋಡಬೇಕಾಗುತ್ತದೆ. ಅಷ್ಟಕ್ಕೋಸ್ಕರ ಅದನ್ನು ಸಾಯಿಸಲು ನನಗೆ ಮನಸ್ಸಿಲ್ಲ. ನೀವೂ ದಯವಿಟ್ಟು ಚಾಕು ಹಾಕಿ ಎಬ್ಬಬೇಡಿ, ಬಂಡೆಗೆ ಅಂಟಿಕೊಳ್ಳುವ ಅದರ ಪಾದಕ್ಕೆ ಗಾಯವಾದರೆ ಬದುಕುವುದು ಕಷ್ಟ. ಬಂಡೆಯಿಂದ ಕಳಚಿ ಸುರುಟಿಕೊಂಡು ಬಿದ್ದದ್ದು ಕಂಡರೆ ಒದ್ದೆ ಬಂಡೆಯ ನೆರಳಲ್ಲಿ ಇಟ್ಟುಬಿಡಿ.